ಅಲುಗಾಡದೆ ಕೂತವನ ಚಿತ್ರ

“ಅಮ್ಮಾ, ನಾನು ಒಬ್ಬನಿಗೆ ಅನ್ಯಾಯ ಮಾಡಿದ್ದೆ. ಅದು ಅವನಿಗೆ ಗೊತ್ತಿಲ್ಲ. ಆಮೇಲೆ ಅವನಿಗೆ ನನ್ನ ಕೈಲಾದಷ್ಟೂ ಒಳ್ಳೆಯದು ಮಾಡಿದ್ದೇನೆ. ಅವನು ಸಂತೋಷವಾಗಿಯೇ ಇದ್ದಾನೆ. ಆದರೂ ಅವನು ಎದುರಿಗೆ ಬಂದರೆ ನನ್ನ ತಲೆ ತಗ್ಗುತ್ತದೆ. ಸರಿಪಡಿಸಿದ ಮೇಲೂ ಈ ನಾಚಿಕೆ ಯಾಕೆ ಹೋಗುವುದಿಲ್ಲ?” ಎಂದು ಶಿಷ್ಯ ಗುರುಮಾತೆಯನ್ನು ಕೇಳಿದ.

ಗುರುಮಾತೆ ಒಂದು ಕತೆ ಹೇಳಲು ಹೊರಟರು. ಹೊರಟಲ್ಲೇ ತಡವರಿಸಿದರು.

“ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಕ್ಯಾಮೆರಾದ ಮುಂದೆ ಒಂದು... ಅದಕ್ಕೇನನ್ನುತ್ತಾರೆ? ಮಡಿಕೆ ಮಡಿಕೆಯಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಕಮ್ಮಾರರ ಕುಲುಮೆಯಲ್ಲೂ ಅಂಥದೊಂದು ಇರುತ್ತಿತ್ತು. ತಿತ್ತಿ? ಅಲ್ಲ. ತಿದಿ. ಹೌದು, ತಿದಿ. ಈ ಸೀಮೆಗೆ ಬಂದ ಮೇಲೆ ಆ ಮಾತನ್ನು ನಾನು ಆಡಿಯೇ ಇರಲಿಲ್ಲ.”

ಆಮೇಲೆ ಕತೆ ತಡೆಯಿಲ್ಲದೆ ಸಾಗಿತು.

ಆ ಫೋಟೋಗ್ರಾಫರ್ ಇದ್ದ ಊರಿನಲ್ಲಿ ಒಂದು ಪದ್ಧತಿ. ಸಂಬಂಧ ಕೂಡಿಸುವ ಮೊದಲು ಹೆಣ್ಣಿನ ಮನೆಯವರು ಗಂಡಿನ ಮನೆಗೆ ಒಂದು ಚಿತ್ರ ಕಳಿಸಬೇಕು. ಮನೆಯ ಹಿರಿಯಳು ಮತ್ತು ಅವಳ ಗಂಡುಮಕ್ಕಳೆಲ್ಲ ಜಗಲಿಯ ಮೇಲೆ ವಯಸ್ಸಿನ ಸಾಲಿನಲ್ಲಿ ಕೂರಬೇಕು. ತಾಯಿ ಈ ತುದಿ, ಕಿರಿಯ ಮಗ ಆ ತುದಿ. ಬೀದಿಯೋ ಬಲು ಕಿರಿದು. ಎದುರಿಗೆ ನಿಂತರೆ ಇಡೀ ಸಾಲು ಕ್ಯಾಮೆರಾಕ್ಕೆ ಹಿಡಿಸುವುದಿಲ್ಲ. ಜಗಲಿಯ ಈ ತುದಿಯಲ್ಲಿ ನಿಂತು ಓರೆಯಾಗಿಯೇ ತೆಗೆಯಬೇಕು. ಹಾಗೆ ತೆಗೆದರೆ ಹತ್ತಿರದವರು ಸ್ಪಷ್ಟ, ದೂರದವರು ಮಸುಕು.

ತಮ್ಮ ಮುಖವನ್ನೇ ಓರೆ ಮಾಡಬಲ್ಲ ಲೆನ್ಸುಗಳಿವೆ. ಅಂಥದನ್ನು ಸಾಲಿನ ಕಡೆಗೆ ತುಸು ತಿರುಗಿಸಿದರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮುಖಗಳೂ ಒಂದೇ ಸಮ ಮೂಡುತ್ತವೆ. ಆದರೆ ಅದನ್ನು ಕೊಳ್ಳುವುದು ಅವನ ಕೈಗೆ ನಿಲುಕದ ಮಾತು.

ಅವನ ಕತ್ತಲ ಕೋಣೆಯಲ್ಲಿ ಒಂದು ಎನ್‌ಲಾರ್ಜರ್ ದೂಳು ಹಿಡಿದು ನಿಂತಿತ್ತು. ಸಣ್ಣ ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ ಅದು. ಫಿಲ್ಮಿನ ಕಾಲ ಮುಗಿದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅವನು ಅದರ ಲೆನ್ಸನ್ನು ಬಿಚ್ಚಿದ. ಯಾವುದೋ ಹಳೆಯ ಕ್ಯಾಮೆರಾದ ತಿದಿಯನ್ನು ಹುಡುಕಿ ತಂದ. ತಿದಿಯ ಒಂದು ಬಾಯಿಗೆ ಆ ಲೆನ್ಸು, ಇನ್ನೊಂದು ಬಾಯಿಗೆ ತನ್ನ ಕ್ಯಾಮೆರಾ. ಆ ಲೆನ್ಸಿಗೆ ತಾನಾಗಿ ಹಿಂದೆ ಮುಂದೆ ಸರಿಯಲು ಬಾರದು. ಆ ಕೆಲಸವನ್ನು ತಿದಿ ಮಾಡಿತು. ಆ ಲೆನ್ಸು ಚೆಲ್ಲುವ ಬೆಳಕು ಅಗಲ. ತಿದಿ ಬಾಗಿ ಲೆನ್ಸಿನ ಮುಖ ಓರೆಯಾದರೂ ಚಿತ್ರದ ಮೂಲೆ ಕಪ್ಪಾಗಲಿಲ್ಲ. ಜೀವಮಾನವೆಲ್ಲ ಕತ್ತಲಲ್ಲಿ ಕೆಳಗೆ ನೋಡುತ್ತಿದ್ದ ಲೆನ್ಸು ಈಗ ಬೀದಿ ನೋಡಿತು.

ಊರು ನಕ್ಕಿತು. “ಏನಪ್ಪಾ, ಫೋಟೋ ತೆಗೆಯೋಕೆ ಬಂದೆಯೋ, ಭಜನೆಗೆ ಹೊರಟೆಯೋ? ಹಾರ್ಮೋನಿಯಂ ಹೊತ್ತು ತಂದಿದ್ದೀಯಲ್ಲ!” ಎಂದು ಒಬ್ಬ ವ್ಯಾಪಾರಿ ಎಲ್ಲರೆದುರು ಕೇಳಿದ. ಅಂದಿನಿಂದ ಫೋಟೋಗ್ರಾಫರ್ ಅದರ ಮೇಲೆ ಬಟ್ಟೆ ಹೊದಿಸಿಕೊಂಡೇ ಓಡಾಡಿದ.

ಕೆಲವು ಕಾಲದ ಮೇಲೆ ಅದೇ ವ್ಯಾಪಾರಿ ಅವನನ್ನು ಕರೆಸಿದ. ಮಗಳಿಗೆ ದೊಡ್ಡ ಮನೆಯಿಂದ ಸಂಬಂಧ ಬಂದಿತ್ತು. ವ್ಯಾಪಾರಿಗೆ ಒಬ್ಬ ಕಿರಿಯ ತಮ್ಮನಿದ್ದ. ಅವನು ಮದುವೆ ಮನೆಗಳಲ್ಲಿ ಪಾತ್ರೆ ತೊಳೆದು ಬದುಕುತ್ತಿದ್ದ. ಆ ಗಂಡಿನವರ ಮನೆಯಲ್ಲೂ ತೊಳೆದಿದ್ದ.

ವ್ಯಾಪಾರಿ ಫೋಟೋಗ್ರಾಫರನನ್ನು ಬದಿಗೆ ಕರೆದ. “ತಮ್ಮನನ್ನು ಬಿಟ್ಟು ಕೂತರೆ ನಮ್ಮವ್ವ ಜಗಲಿಯಿಂದ ಎದ್ದು ಹೋಗುತ್ತಾಳೆ. ಕೂರಿಸಿಕೊಂಡರೆ ಬೀಗರು ಗುರುತು ಹಿಡಿಯುತ್ತಾರೆ. ಅವನು ಸಾಲಿನಲ್ಲಿರಬೇಕು, ಮುಖ ಮಾತ್ರ ತಿಳಿಯಬಾರದು. ನಿನ್ನ ಹಾರ್ಮೋನಿಯಂಗೆ ಅಷ್ಟು ಬರುತ್ತದೋ, ಇಲ್ಲ ಬರೀ ಗಾಳಿಯೋ?”

“ಬರುತ್ತದೆ,” ಎಂದ ಫೋಟೋಗ್ರಾಫರ್. ಯೋಚಿಸುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು. ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಆ ತಮ್ಮ ಇರಲಿಲ್ಲ. ಹಾರ್ಮೋನಿಯಂ ಎಂಬ ಮಾತಿತ್ತು.

ತಾಯಿ, ಮಕ್ಕಳು ಜಗಲಿಯ ಮೇಲೆ ಕೂತರು. ತಮ್ಮ ಒಗೆದ ಅಂಗಿ ತೊಟ್ಟು ಆ ತುದಿಯಲ್ಲಿ ಕೂತ.

“ಅಲುಗಾಡಬೇಡಿ,” ಎಂದ ಫೋಟೋಗ್ರಾಫರ್.

ಮುದುಕಿ ಸೆರಗು ಎಳೆದುಕೊಂಡಳು. ವ್ಯಾಪಾರಿ ರುಮಾಲು ಮುಟ್ಟಿ ನೋಡಿಕೊಂಡ. ತಮ್ಮನೊಬ್ಬನೇ ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತಿದ್ದ. ಫೋಟೋಗ್ರಾಫರ್ ಲೆನ್ಸಿನ ಮುಖವನ್ನು ಸಾಲಿನ ಕಡೆಗೆ ತಿರುಗಿಸಿದ. ಎಲ್ಲ ಮುಖಗಳೂ ಕಣ್ಣು ಹುಬ್ಬು ಸಮೇತ ಎದ್ದು ನಿಂತವು. ಆಮೇಲೆ ಅದನ್ನು ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಸರಿಸಿದ. ಕೊನೆಯ ಮುಖ ಕರಗಿತು. ಬಟನ್ ಒತ್ತಿದ.

ಚಿತ್ರ ಹೋಯಿತು. ಸಂಬಂಧ ಕೂಡಿತು. “ಪರವಾಗಿಲ್ಲ ಕಣೋ, ನಿನ್ನ ಪೆಟ್ಟಿಗೆಗೆ ಸ್ವರ ಗೊತ್ತು,” ಎಂದ ವ್ಯಾಪಾರಿ. ಅಂದು ಫೋಟೋಗ್ರಾಫರ್ ಕ್ಯಾಮೆರಾಕ್ಕೆ ಬಟ್ಟೆ ಹೊದಿಸದೆ ನಡುಬೀದಿಯಲ್ಲಿ ಮನೆಗೆ ನಡೆದ.

ಆ ಹೆಮ್ಮೆ ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆ ತಮ್ಮ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

“ಸ್ವಾಮಿ, ನನ್ನಿಂದ ತಪ್ಪಾಯಿತು. ಅಷ್ಟು ಒಳ್ಳೆಯ ಚಿತ್ರ, ನಾನೊಬ್ಬ ಅಲುಗಾಡಿ ಕೆಡಿಸಿದೆನಂತೆ. ಅಣ್ಣ ಹೇಳಿದ. ಉಸಿರು ಕೂಡ ಬಿಟ್ಟಿರಲಿಲ್ಲ ನಾನು. ಆದರೂ ಎಲ್ಲೋ ಅಲುಗಾಡಿರಬೇಕು. ಸದಾ ಪಾತ್ರೆ ಉಜ್ಜುವ ಮೈ ನೋಡಿ, ಸುಮ್ಮನೆ ಕೂತು ಅಭ್ಯಾಸವಿಲ್ಲ. ನಿಮ್ಮ ಹೆಸರಿಗೆ ನನ್ನಿಂದ ಕೆಟ್ಟ ಮಾತು ಬರಬಾರದು.”

ಫೋಟೋಗ್ರಾಫರ್ ಅವನ ಬೆರಳುಗಳನ್ನು ನೋಡಿದ. ನೀರಿನಲ್ಲಿ ನೆಂದು ನೆಂದು ಬಿಳಿಚಿಕೊಂಡಿದ್ದವು. ನಿಜ ಹೇಳಬೇಕೆಂದು ಬಾಯಿ ತೆರೆದ. “ಹೋಗಲಿ ಬಿಡಪ್ಪ. ಯಾರಾದರೂ ಅಲುಗಾಡುತ್ತಾರೆ,” ಎಂದುಬಿಟ್ಟ.

ಮುಂದೆ ಅವನಿಗೆ ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ದೂರದಲ್ಲಿ ಆ ತಮ್ಮ ಕಂಡರೆ ಯಾವುದೋ ಅಂಗಡಿಯ ಮೆಟ್ಟಿಲು ಹತ್ತಿ ಬೇಡದ ಸಾಮಾನನ್ನು ಕೈಯಲ್ಲಿ ತಿರುವುತ್ತ ನಿಲ್ಲುತ್ತಿದ್ದ. ತಮ್ಮನೋ, ಅವನು ಹೊರಗೆ ಬರುವವರೆಗೆ ಕಾದು, ನಮಸ್ಕಾರ ಮಾಡಿಯೇ ಹೋಗುತ್ತಿದ್ದ.

ಕೊನೆಗೆ ಫೋಟೋಗ್ರಾಫರ್ ಒಂದು ನಿಶ್ಚಯ ಮಾಡಿದ. ಕ್ಯಾಮೆರಾ ಹೊತ್ತು ತಾನಾಗಿ ಆ ತಮ್ಮನ ಮನೆಗೆ ಹೋದ. “ನಿನ್ನ ಸಂಸಾರದ ಒಂದು ಚಿತ್ರ ತೆಗೆಯಬೇಕು ಅನ್ನಿಸಿತು. ನನ್ನ ಸಂತೋಷಕ್ಕೆ,” ಎಂದ.

ತಮ್ಮ ಹಿಗ್ಗಿದ. ಹೆಂಡತಿಯನ್ನೂ ಮಗಳನ್ನೂ ಚಾಪೆಯ ಮೇಲೆ ಕೂರಿಸಿದ. ತಾನು ಮಾತ್ರ ಕ್ಯಾಮೆರಾದ ಹಿಂದೆ ಬಂದು ನಿಂತ.

“ನೀನೂ ಕೂರಪ್ಪ.”

“ಬೇಡಿ ಸ್ವಾಮಿ. ನಾನು ಅಲುಗಾಡುವವನು. ಇವರದ್ದಾದರೂ ಚೆನ್ನಾಗಿ ಬರಲಿ.”

“ಅಪ್ಪ ಅಲುಗಾಡುವುದೇ?” ಎಂದು ಮಗಳು ನಕ್ಕಳು. “ಮಲಗಿದರೆ ಕೊರಡು. ಪಕ್ಕಕ್ಕೆ ಹೊರಳಿಸೋಕೆ ಅವ್ವ, ನಾನು ಇಬ್ಬರೂ ಬೇಕು.”

ಎಲ್ಲರೂ ನಕ್ಕರು. ಫೋಟೋಗ್ರಾಫರನಿಗೆ ನಗು ಬರಲಿಲ್ಲ. ಅವನು ಆ ತಮ್ಮನ ಭುಜ ಹಿಡಿದು ಕರೆತಂದು ಚಾಪೆಯ ಆ ತುದಿಯಲ್ಲಿ ಕೂರಿಸಿದ. ಲೆನ್ಸಿನ ಮುಖವನ್ನು ಮೂವರ ಸಾಲಿಗೆ ಸರಿಯಾಗಿ ತಿರುಗಿಸಿದ. ಮತ್ತೆ ಮತ್ತೆ ನೋಡಿದ. ತಮ್ಮ ಉಸಿರು ಕಟ್ಟಿ ಕೂತಿದ್ದ. ಕಣ್ಣಲ್ಲಿ ನೀರು ತುಂಬಿದರೂ ರೆಪ್ಪೆ ಬಡಿಯಲಿಲ್ಲ.

ಅಂಥ ಚಿತ್ರವನ್ನು ಫೋಟೋಗ್ರಾಫರ್ ಮೊದಲೆಂದೂ ತೆಗೆದಿರಲಿಲ್ಲ. ಆ ತಮ್ಮನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಕಟ್ಟು ಹಾಕಿಸಿ, ತಾನೇ ಒಯ್ದು ಕೊಟ್ಟ. ತಮ್ಮ ಅದನ್ನು ಎದೆಗೆ ಹಿಡಿದುಕೊಂಡು ಬೀದಿಗೆ ಓಡಿದ. ಸಿಕ್ಕವರಿಗೆಲ್ಲ ತೋರಿಸಿದ.

“ನೋಡಿ, ನೋಡಿ! ಈ ಸಲ ನಾನು ಅಲುಗಾಡಲಿಲ್ಲ!”

ಫೋಟೋಗ್ರಾಫರ್ ಆ ಕೂಗು ಕೇಳುತ್ತ, ತಲೆ ತಗ್ಗಿಸಿಕೊಂಡು ಮನೆಗೆ ನಡೆದ.

ಗುರುಮಾತೆ ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ.

“ಅವನು ಒಳ್ಳೆಯದನ್ನೇ ಮಾಡಿದನಲ್ಲ, ಅಮ್ಮಾ? ಚಿತ್ರ ಸರಿಯಾಯಿತು. ಆ ತಮ್ಮನಿಗೂ ಸಂತೋಷವಾಯಿತು. ಮತ್ತೆ ತಲೆ ಯಾಕೆ ತಗ್ಗಿಸಿದ?” ಎಂದು ಕೇಳಿದ.

“ಚಿತ್ರ ಸರಿಯಾಯಿತು, ಮಗನೇ. ಆದರೆ ಮೊದಲ ಸಲ ಅಲುಗಾಡಿದ್ದು ತಾನೇ ಎಂದು ಆ ತಮ್ಮ ಇವತ್ತಿಗೂ ನಂಬಿದ್ದಾನೆ.”