ಬಾವಿ ತುಂಬ ಅಮೆರಿಕದ ಬೀರು

ಕೈತುತ್ತು ಉಣ್ಣುತ್ತಾ ಕೇಳಿ ಮಕ್ಕಳೇ, ಅನ್ನ ಆರುವುದರೊಳಗೆ ಮುಗಿಯೋ ಕತೆ ಇದು.

ಕಡಲ ದಂಡೆಯ ಬಂದರಿನಲ್ಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಬಂಗಲೆಯಲ್ಲಿ ಅಡುಗೆ ಅವಳ ಕೆಲಸ. ಅವಳಿಗೊಬ್ಬನೇ ಮಗ, ಬೊಮ್ಮ. ಮೀಸೆ ನರೆಯೋ ವಯಸ್ಸು, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿಯಿಲ್ಲ.

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಗಂಜಿ ಹೊಯ್ಯೋರು ಯಾರಪ್ಪಾ?" ಅದೊಂದೇ ಅವಳ ಚಿಂತೆ.

ಬಂಗಲೆ ನೋಡಿಕೊಳ್ಳುವ ಮೇಟಿ ಒಂದು ದಿನ ಅಂದ: "ಮಾಸ್ತಮ್ಮಾ, ಹಡಗಿನ ಯಂತ್ರ ನೋಡೋಕೆ ಅಮೆರಿಕದ ಸಾಹೇಬರು ಬಂದಿದ್ದಾರೆ. ಅವರು ಹೋಗೋದರೊಳಗೆ ನಿನ್ನ ಮಗ ಒಂದೇ ಒಂದು ಕೆಲಸ ನೆಟ್ಟಗೆ ಮಾಡಲಿ. ಬಂಗಲೆ ಆಳಿನ ಜಾಗ ಅವನಿಗೇ."

ಸಾಹೇಬರಿಗೋ ಊರಿನ ಹಂಬಲ. ಮೀನು ಸೇರದು, ಅನ್ನ ಸೇರದು. ಕುಡಿಯೋಕೆ ನಮ್ಮ ದೇಶದ ಬೀರು ಒಂದು ಸಿಕ್ಕಿದ್ದರೆ, ಅಂತ ಒಂದೇ ಸಮ ಹಲುಬು.

"ಹೋಗು ಮಗಾ, ಇನಾಸಬಾಬು ಅಂಗಡಿಯಿಂದ ಅಮೆರಿಕದ ಬೀರು ತಾ. ಓಡಿ ಬಾ!" ಅಂದಳು ಮಾಸ್ತಮ್ಮ.

ಓಡಿದ. ಯಾವ ಕಾಲದಲ್ಲೋ ಯಾವ ನಾವಿಕನೋ ಬಿಟ್ಟುಹೋದ ಒಂದೇ ಶೀಶೆ ಅಂಗಡಿಯಲ್ಲಿತ್ತು, ಮೈಮೇಲೆ ಹದ್ದಿನ ಚಿತ್ರದ ಚೀಟಿ. ಸುಡುಬಿಸಿಲಲ್ಲಿ ಕುಲುಕಿಕೊಂಡು ಓಡಿ ಬಂದ. ಮುಚ್ಚಳ ತೆಗೆದರೆ ಬುಸ್! ನೊರೆಯೆಲ್ಲ ಮಾಡಿನ ಹೆಂಚಿಗೆ, ಸಾಹೇಬರ ಮೀಸೆಗೆ ಒಂದೇ ಹನಿ.

"ಅಯ್ಯೋ ಪೆದ್ದೇ! ಸಾಹೇಬರಿಗೆ ತಂದದ್ದನ್ನ ಒದ್ದೆ ಗೋಣಿಯಲ್ಲಿ ಸುತ್ತಿ, ಬಾವಿಗೆ ಇಳಿಬಿಟ್ಟು, ತಣ್ಣಗೆ ಮಾಡಿ ಕೊಡಬೇಕು!"

"ಹಾಗೇ ಆಗ್ಲಿ ಅವ್ವಾ!"

ಮಾರನೇ ದಿನ ಮಡಿವಾಳರ ಮನೆಯಿಂದ ಸಾಹೇಬರ ಇಸ್ತ್ರಿ ಕೋಟು ತಂದ. ಒದ್ದೆ ಗೋಣಿಯಲ್ಲಿ ಸುತ್ತಿದ, ಬಾವಿಗೆ ಇಳಿಬಿಟ್ಟ, ತಣ್ಣಗೆ ಮಾಡಿ ಕೊಟ್ಟ.

"ಅಯ್ಯೋ ಪೆದ್ದೇ! ಬಿಸಿಲಿಗೆ ಹರವಿ ಒಣಗಿಸಿ ಕೊಡಬೇಕು!"

"ಹಾಗೇ ಆಗ್ಲಿ ಅವ್ವಾ!"

ಅದರ ಮಾರನೇ ದಿನ ದೋಣಿ ಕಟ್ಟುವ ಮೀನಿನ ದಕ್ಕೆಯಿಂದ ಸಾಹೇಬರಿಗೆ ಐಸು ತಂದ. ಬಿಸಿಲಿಗೆ ಹರವಿದ. ಕಾದ. ಕಾದೇ ಕಾದ.

"ಅವ್ವಾ, ಒಣಗಲಿ ಅಂತ ಇಟ್ರೆ ಇನ್ನೂ ಒದ್ದೆಯಾಗ್ತಾ ಹೋಯ್ತು. ಆಮೇಲೆ ಎಲ್ಲಿಗೋ ಎದ್ದು ಹೋಯ್ತು!"

ಮಾಸ್ತಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಅವನ ತಲೆ ಸವರಿದಳು. "ತಿಳೀದಿದ್ರೆ ತಿಳಿದೋರನ್ನ ಕೇಳು ಮಗಾ, ಅವರಂದ ಹಾಗೆ ಮಾಡು. ಸಾಹೇಬರ ವಸ್ತುವಿಗೆ ಗುರುತಿನ ಚೀಟಿ ಅಂಟಿಸು, ಬೇರೆ ಯಾರೂ ಮುಟ್ಟದ ಹಾಗೆ ಕಾಯಿ."

"ಹಾಗೇ ಆಗ್ಲಿ ಅವ್ವಾ!"

ನಾಳೆ ಸಾಹೇಬರು ಹೊರಡಬೇಕು. ಮೇಟಿ ಅಂದ: "ಇದೇ ಕೊನೆ, ಮಾಸ್ತಮ್ಮಾ."

ಬೊಮ್ಮ ಖಾಲಿ ಶೀಶೆ ಹಿಡಿದು ಅಂಗಡಿಗೆ ಹೋದ. "ಅಮೆರಿಕದ ಬೀರು ಇನ್ನೊಂದು ಇದ್ಯಾ ಬಾಬು?"

ಇನಾಸಬಾಬು ಹೊಟ್ಟೆ ಹಿಡಿದು ನಕ್ಕ. "ಗೋವೆಯಿಂದ ಮಂಗಳೂರ ತನಕ ಹುಡುಕಿದ್ರೂ ಸಿಕ್ಕದು ಮಾರಾಯಾ! ಜರ್ಮನಿದು ಕೇಳ್ತಾರೆ, ನಮ್ಮದು ಕೇಳ್ತಾರೆ, ಅದನ್ನ ಯಾರು ಕೇಳ್ತಾರೆ? ಕುಡಿದೋರೆಲ್ಲ ಹೇಳೋದು ಒಂದೇ. ನಿಮ್ಮ ಬಂಗಲೆ ಬಾವಿ ನೀರೂ ಒಂದೇ, ಅಮೆರಿಕದ ಬೀರೂ ಒಂದೇ!"

ಬೊಮ್ಮನ ಮುಖ ಅರಳಿತು. ತಿಳಿದವರನ್ನು ಕೇಳಿದ್ದಾಯಿತಲ್ಲ! ಶೀಶೆಗೆ ಬಾವಿ ನೀರು ತುಂಬಿದ, ಒದ್ದೆ ಗೋಣಿಯಲ್ಲಿ ಸುತ್ತಿದ, ತಣ್ಣಗೆ ಮಾಡಿ ತಂದಿಟ್ಟ.

ಸಾಹೇಬರು ಒಂದು ಗುಟುಕು ಕುಡಿದರು. ನಿಲ್ಲಿಸಿದರು. ಶೀಶೆ ನೋಡಿದರು, ಬೊಮ್ಮನ ಬೆವೆತ ಮುಖ ನೋಡಿದರು. ಬಾಗಿಲ ಹಿಂದೆ ಸೆರಗು ಕಚ್ಚಿ ನಿಂತಿದ್ದ ತಾಯಿಯನ್ನೂ ನೋಡಿದರು. ಆಮೇಲೆ ಒಂದು ಹನಿ ಬಿಡದೆ ಕುಡಿದು ಮೀಸೆ ಒರೆಸಿಕೊಂಡರು.

"ಥೇಟ್ ನಮ್ಮೂರಿಂದೇ! ಮೇಟಿ, ಇವನನ್ನ ಬಿಡಬೇಡಿ."

ಆಳಿನ ಜಾಗ ಬೊಮ್ಮನಿಗೇ ಆಯಿತು. ಮಾಸ್ತಮ್ಮ ಎಷ್ಟೋ ವರ್ಷದ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದಳು.

ಬೆಳಗ್ಗೆ ಎದ್ದು ನೋಡುತ್ತಾಳೆ, ಬಾವಿಕಟ್ಟೆ ಸುತ್ತ ಕೊಡ ಹಿಡಿದ ಹೆಂಗಸರ ಜಾತ್ರೆ! ಕಟ್ಟೆಯ ಕಲ್ಲಿಗೆ ಅನ್ನದ ಅಗುಳಲ್ಲಿ ಅಂಟಿಸಿದ ಹದ್ದಿನ ಚೀಟಿ! ಕೋಲು ಹಿಡಿದು ಬೊಮ್ಮ ಕೂತಿದ್ದಾನೆ.

"ಯಾರೂ ಮುಟ್ಟಬೇಡಿ! ಇದು ಸಾಹೇಬರ ಬೀರು!"

"ಸಾಹೇಬರು ಆಗಲೇ ಹೋದರಲ್ಲೋ! ಒಲೆ ಹಚ್ಚಬೇಕು, ಒಂದು ಕೊಡ ಬಿಡೋ ಮಗಾ!" ಅಂದಳು ಮಾಸ್ತಮ್ಮ.

ಬೊಮ್ಮ ತಲೆ ಕೆರೆದುಕೊಂಡ. ಅವ್ವನ ಮುಖ ನೋಡಿ ಕರಗಿದ. ಒಂದೇ ಲೋಟ ತುಂಬಿ ಅವಳ ಕೈಗಿಟ್ಟ. ಅವಳ ಹಿಂದೆ ಹೋಗಿ ಎರಡೂ ತೋಳು ಅಗಲಿಸಿ ನಿಂತ.

"ಕುಡಿ ಅವ್ವಾ, ಹೆದರಬೇಡ! ತಲೆ ತಿರುಗಿ ಬಿದ್ರೆ ನಾನು ಹಿಡ್ಕೋತೀನಿ!"