ಬ್ರೇಕ್ ಪ್ಯಾಡಿನ ಆಯುಸ್ಸು

"ಬುದ್ದೀ, ಮಾಡಿದ ಆಣೆ ಎಷ್ಟು ಕಾಲ ತಡೀತದೆ?"

ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಗುರುಗಳು ತಲೆ ಎತ್ತಿದರು. ಕೇಳಿದವನು ಶಿವಮಲ್ಲು, ಪಿಕಪ್ ಗಾಡಿಯ ಡ್ರೈವರ್. ಬೆಟ್ಟದ ಮೇಲಿನ ಊರುಗಳಿಂದ ಕೋಸು, ಆಲೂಗಡ್ಡೆ ತುಂಬಿಕೊಂಡು ಕೆಳಗಿನ ಮಾರುಕಟ್ಟೆಗೆ ಸಾಗಿಸುವುದು ಅವನ ಕಸುಬು. ಯುಗಾದಿಯ ದಿನ ಇದೇ ಜಗಲಿಯ ಮೇಲೆ ಗುರುಗಳ ಪಾದ ಮುಟ್ಟಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ್ದ.

ಆ ಆಣೆಯನ್ನು ನಂಬಿ ಅವನ ಹೆಂಡತಿ ಗೌರಮ್ಮಣ್ಣಿ ಮಗಳನ್ನು ಕರೆದುಕೊಂಡು ತವರಿನಿಂದ ಹಿಂತಿರುಗಿದ್ದಳು. ಬಂದವಳು ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ. ಇನ್ನೊಂದೇ ಒಂದು ಸಲ ಕುಡಿದು ಬಂದರೂ ಹೊರಟೆ, ಮತ್ತೆ ಈ ಹೊಸ್ತಿಲು ತುಳಿಯುವವಳಲ್ಲ ಎಂದಿದ್ದಳು. ಆಡಿದ ಮಾತಿಗೆ ತಪ್ಪುವ ಹೆಂಗಸು ಅವಳಲ್ಲ. ಶಿವಮಲ್ಲುವಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಯಾಕಪ್ಪಾ, ಆಣೆ ಅಲ್ಲಾಡುತ್ತಿದೆಯೋ?" ಎಂದರು ಗುರುಗಳು.

ಮಾರುಕಟ್ಟೆಯಿಂದ ಅವನ ಮನೆಗೆ ಹೋಗುವ ದಾರಿಯಲ್ಲೇ ಮಠ. ಮಠದ ಮುಂದೆ ರಸ್ತೆ ಕವಲಾಗುತ್ತದೆ. ಒಂದು ಕವಲು ಬಸ್ ಸ್ಟ್ಯಾಂಡ್ ಹಾದು ಹೋಗುತ್ತದೆ, ಇನ್ನೊಂದು ಕೆರೆ ಏರಿಯ ಮೇಲೆ. ಎರಡೂ ಅವನ ಮನೆಗೇ ಸೇರುತ್ತವೆ. ಬ್ರಾಂದಿ ಅಂಗಡಿ ಇರುವುದು ಬಸ್ ಸ್ಟ್ಯಾಂಡಿನಲ್ಲಿ. ಶಿವಮಲ್ಲು ಕುಡಿತ ಬಿಟ್ಟ ಮೇಲೂ ದಿನಾ ಸಂಜೆ ಮಠದ ಮುಂದೆ ಗಾಡಿ ನಿಲ್ಲಿಸದೆ, ಕಿಟಕಿಯಿಂದಲೇ ಕೈಮುಗಿದು, ಬಸ್ ಸ್ಟ್ಯಾಂಡ್ ದಾರಿಯನ್ನೇ ಹಿಡಿಯುತ್ತಿದ್ದ. ಇವತ್ತು ಮಾತ್ರ ಇಳಿದು ಬಂದಿದ್ದ.

"ನಾನು ಸುಮ್ನೆ ಆಣೆ ಮಾಡಿದೋನಲ್ಲ ಬುದ್ದೀ," ಎಂದ ಎದೆ ಸೆಟೆಸಿ. "ಅಂಗಡಿ ಮುಂದೇನೇ ಗಾಡಿ ನಿಲ್ಲಿಸ್ತೀನಿ. ಗೆಳೆಯರೆಲ್ಲ ಬಾರೋ ಬಾರೋ ಅಂತಾರೆ. ಅಲ್ಲೇ ನಿಂತು ಒಂದು ಬೀಡಿ ಸೇದಿ, ಬತ್ತೀನಿ ಕಣ್ರಪ್ಪಾ ಅಂತ ಹೊರಟು ಬತ್ತೀನಿ. ದಿನಾ ಗೆಲ್ತೀನಿ. ಕದ್ದು ಓಡೋ ಪೈಕಿ ಅಲ್ಲ ನಾನು." ಆಮೇಲೆ ಅವನ ದನಿ ಇಳಿಯಿತು. "ಆದ್ರೆ ನಿನ್ನೆ ಒಂದು ಬೀಡಿ ಸಾಕಾಗಲಿಲ್ಲ. ಇನ್ನೊಂದು ಹಚ್ಚಿದೆ. ಭಯ ಆಯ್ತದೆ ಬುದ್ದೀ. ಇದಕ್ಕಿಂತ ಗಟ್ಟಿಯಾದ ಆಣೆ ಯಾವುದಾದ್ರೂ ಇದ್ರೆ ಕೊಡಿ, ಮಾಡ್ತೀನಿ."

ಗುರುಗಳು ಒಂದು ಅವರೆಕಾಯಿ ಸುಲಿದರು. "ಗಾಡಿಗೆ ಬ್ರೇಕ್ ಪ್ಯಾಡ್ ಹಾಕಿಸುತ್ತೀಯಲ್ಲ, ಅದು ಎಷ್ಟು ಕಾಲ ಬಾಳುತ್ತದೆ?"

ಆಣೆಯ ಮಾತು ಕೇಳಿದರೆ ಬ್ರೇಕಿನ ಮಾತು ಆಡುತ್ತಾರಲ್ಲ ಎಂದು ಶಿವಮಲ್ಲುವಿಗೆ ಕಸಿವಿಸಿಯಾಯಿತು. ಆದರೂ ಕಸುಬಿನ ಪ್ರಶ್ನೆ. "ಹಿಂಗೇ ಅಂತ ಹೇಳಕ್ಕಾಯ್ತದಾ? ಒಬ್ಬಂಗೆ ವರ್ಷಗಟ್ಟಲೆ ಬತ್ತದೆ, ಇನ್ನೊಬ್ಬಂಗೆ ಹಬ್ಬದಿಂದ ಹಬ್ಬಕ್ಕೂ ಬರಲ್ಲ."

"ಹಾಗಾದರೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಬೆಟ್ಟ. ಅದರ ಮೇಲೊಂದು ಊರು. ಆ ಊರಿನಲ್ಲಿ ಇಬ್ಬರು ಪಿಕಪ್ಪಿನವರು. ಒಬ್ಬ ಹಿರಿಯ, ಒಬ್ಬ ಕಿರಿಯ. ಇಬ್ಬರದೂ ಒಂದೇ ಬಗೆಯ ಗಾಡಿ, ಒಂದೇ ಬಗೆಯ ಹೊರೆ. ಬೆಟ್ಟದ ರಸ್ತೆ ಇಳಿಯಲು ಶುರುವಾಗುವ ಕಡೆ ಮಾರಮ್ಮನ ಗುಡಿ ಇತ್ತು. ಗುಡಿ ಎಂದರೆ ಒಂದು ಬೇವಿನ ಮರ, ಬುಡದಲ್ಲಿ ನಾಲ್ಕು ಕಲ್ಲು. ಇಳಿಯುವ ಗಾಡಿ ಅಲ್ಲಿ ಪೂರ್ತಿ ನಿಲ್ಲಬೇಕು. ಡ್ರೈವರ್ ಕೆಳಗಿಳಿದು ಕೈಮುಗಿಯಬೇಕು. ಬೆಟ್ಟವನ್ನು ಹತ್ತಿದ ಗೇರಿನಲ್ಲೇ ಬೆಟ್ಟವನ್ನು ಇಳಿಯಬೇಕು. ಇದು ಆ ಊರಿನ ಡ್ರೈವರುಗಳು ಹಿಂದಿನಿಂದ ನಡೆಸಿಕೊಂಡು ಬಂದ ಕಟ್ಟಳೆ.

ಹಿರಿಯ ಈ ಕಟ್ಟಳೆ ತಪ್ಪಿದವನಲ್ಲ. ನಿಂತು, ಕೈಮುಗಿದು, ಕೆಳಗಿನ ಗೇರಿಗೆ ಹಾಕಿ ಹೊರಡುತ್ತಿದ್ದ. ಗಾಡಿ ಎಂಜಿನ್ನಿನ ಹಿಡಿತದಲ್ಲೇ ಗೊರಗೊರ ಎನ್ನುತ್ತ ನಿಧಾನವಾಗಿ ಇಳಿಯುತ್ತಿತ್ತು. ಹಿಂದೆ ಬಂದವರು ಹಾರನ್ ಹೊಡೆದು, "ಏನಣ್ಣೋ, ಎಮ್ಮೆ ಮೇಯಿಸ್ತಿದ್ದೀಯಾ?" ಎಂದು ಗೇಲಿ ಮಾಡುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಿರಿಯನಿಗೆ ನಿಲ್ಲುವುದೆಂದರೆ ಅವಮಾನ. ಗಾಡಿ ಓಡುತ್ತಿರುವಾಗಲೇ ಕಿಟಕಿಯಿಂದ ಅಮ್ಮನ ಕಡೆಗೆ ಒಂದು ನಿಂಬೆಹಣ್ಣು ಎಸೆಯುತ್ತಿದ್ದ. ಅಮ್ಮನಿಗೆ ಸಲ್ಲಬೇಕಾದದ್ದು ಸಂದಿತಲ್ಲ ಎಂಬುದು ಅವನ ವಾದ. ಆಮೇಲೆ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ ಗಾಡಿಯನ್ನು ಇಳಿಜಾರಿಗೆ ಬಿಟ್ಟುಬಿಡುತ್ತಿದ್ದ. ತಿರುವು ಕಂಡಾಗ ಬ್ರೇಕ್ ಅದುಮುತ್ತಿದ್ದ. ಗಾಡಿ ಪ್ರಪಾತದ ಅಂಚಿನವರೆಗೂ ಬಂದು ಸೊಂಟ ಬಳುಕಿಸಿ ತಿರುಗುತ್ತಿತ್ತು. ಗುಂಡಿಗೆ ಎಂದರೆ ಅವನದು ಎಂದು ಊರು ಹೊಗಳುತ್ತಿತ್ತು. ಊರಿಗೇನು, ಬೀಳುವವನನ್ನು ಬೀಳುವ ತನಕ ಹೊಗಳುತ್ತದೆ, ಬಿದ್ದ ಮೇಲೆ ನಾವು ಆಗಲೇ ಹೇಳಿದ್ದೆವು ಎನ್ನುತ್ತದೆ.

ಅವನ ಪ್ಯಾಡುಗಳು ಬೇಗ ಬೇಗ ಸವೆಯುತ್ತಿದ್ದವು. ಕಿರ್ರೆಂದಾಗಲೆಲ್ಲ ಹೊಸದು ಹಾಕಿಸುತ್ತಿದ್ದ. ಪ್ರತಿ ಸಲವೂ ಗ್ಯಾರೇಜಿನವನನ್ನು ಕೇಳುವುದು ಒಂದೇ ಮಾತು: "ಇದಕ್ಕಿಂತ ಗಟ್ಟಿಯಾದ್ದು ಇಲ್ವಾ?"

ಶಿವಮಲ್ಲು ಬೀಡಿಗೆಂದು ಜೇಬಿಗೆ ಇಳಿಸಿದ್ದ ಕೈಯನ್ನು ಹಾಗೇ ಬಿಟ್ಟ. ಕತೆ ಎಲ್ಲಿಗೆ ಹೋಗುತ್ತದೆ ಎಂದು ಅವನೊಳಗಿನ ಡ್ರೈವರಿಗೆ ಆಗಲೇ ವಾಸನೆ ಬಡಿದಿತ್ತು.

ಒಂದು ದಿನ ಕಿರಿಯ ಇದ್ದುದರಲ್ಲೇ ಗಟ್ಟಿಯಾದ ಹೊಚ್ಚ ಹೊಸ ಪ್ಯಾಡ್ ಹಾಕಿಸಿಕೊಂಡು ಬಂದ. ಮರುದಿನ ಗಾಡಿಯ ತುಂಬ ಆಲೂಗಡ್ಡೆ ಮೂಟೆ. ಪಕ್ಕದಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಮಗು. ನಿಂಬೆಹಣ್ಣು ಎಸೆದ, ನ್ಯೂಟ್ರಲ್ಲಿಗೆ ತಳ್ಳಿದ. ಮೊದಲ ತಿರುವು ಗೆದ್ದ. ಎರಡನೆಯದನ್ನೂ ಗೆದ್ದ. ಹೆಂಡತಿ, "ಏನೋ ಸುಟ್ಟ ವಾಸನೆ ಬತ್ತಾ ಅದೆ," ಎಂದಳು. "ಹೊಸ ಪ್ಯಾಡು, ಹಂಗೇ ಇರ್ತದೆ," ಎಂದ. ಮುಂದಿನ ತಿರುವಿನಲ್ಲಿ ಪೆಡಲ್ ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ.

ಪ್ರಪಾತದ ಕಡೆ ಬಿಡದೆ ಸ್ಟೀರಿಂಗನ್ನು ಬೆಟ್ಟದ ಕಡೆಗೆ ತಿರುಗಿಸಿದ. ಗಾಡಿ ಮಣ್ಣಿನ ದಿಬ್ಬಕ್ಕೆ ಗುದ್ದಿ ಮಗ್ಗುಲಾಯಿತು. ಮಗುವಿಗೆ ಏನೂ ಆಗಲಿಲ್ಲ. ಅದನ್ನು ಅವಚಿಕೊಂಡಿದ್ದ ತಾಯಿಯ ತೋಳು ಮುರಿಯಿತು. ಹಿಂದೆ ಗೊರಗೊರ ಎನ್ನುತ್ತ ಬಂದ ಹಿರಿಯ ಗಾಡಿ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು, ತಾಯಿಯನ್ನು ತನ್ನ ಗಾಡಿಯಲ್ಲಿ ಕೂರಿಸಿದ. ಕಿರಿಯ ಮಾತ್ರ ಹುಚ್ಚು ಹಿಡಿದವನಂತೆ ಹೊಗೆಯಾಡುತ್ತಿದ್ದ ಚಕ್ರದ ಮುಂದೆ ಬಗ್ಗಿ ನೋಡುತ್ತಿದ್ದ. ಪ್ಯಾಡ್ ಸವೆದಿರಲೇ ಇಲ್ಲ.

"ನಿನ್ನೆ ಹಾಕಿಸಿದ್ದಣ್ಣಾ! ನಿನ್ನೆ!" ಎಂದು ಅತ್ತ. "ನಿಂದು ಯಾವಾಗ ಹಾಕಿಸಿದ್ದು?"

ಹಿರಿಯ ಸ್ವಲ್ಪ ಹೊತ್ತು ಯೋಚಿಸಿದ. "ನೆನಪಿಲ್ಲ ಕಣಪ್ಪಾ," ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಶಿವಮಲ್ಲುವಿಗೆ ಸಿಟ್ಟು ನೆತ್ತಿಗೇರಿತ್ತು.

"ಅವನಂಥ ಮೂರ್ಖ ಇದ್ದಾನಾ ಬುದ್ದೀ! ಪ್ಯಾಡ್ ಹೊಸದಾದ್ರೇನು, ಗಟ್ಟಿಯಾದ್ರೇನು? ಇಳಿಜಾರುದ್ದಕ್ಕೂ ತುಳೀತಾ ಹೋದ್ರೆ ಕಾದುಹೋಯ್ತದೆ, ಹಿಡಿಯಲ್ಲ. ಬ್ರೇಕ್ ಇರೋದು ಆಪತ್ತಿಗೆ, ದಿನದ ಗೇಯ್ಮೆಗಲ್ಲ. ಗಾಡಿ ಹಿಡೀಬೇಕಾದ್ದು ತಿರುವಲ್ಲಲ್ಲ, ಮೇಲೆ ಗುಡಿ ಹತ್ರಾನೇ, ಗೇರಲ್ಲಿ. ಹೆಂಡ್ತಿ ಮಗೀನ ಪಕ್ಕದಲ್ಲಿ ಕೂರಿಸ್ಕೊಂಡು ಅಷ್ಟೂ ತಿಳೀದೋನ ಕೈಗೆ ಸ್ಟೀರಿಂಗೇ ಕೊಡಬಾರದು!"

"ನಿಜ," ಎಂದರು ಗುರುಗಳು. ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತರು. ಮಠದ ಮುಂದೆ, ರಸ್ತೆ ಕವಲಾಗುವ ಕಡೆ, ನಿಂತಿದ್ದ ಪಿಕಪ್ಪನ್ನು ಸ್ವಲ್ಪ ಹೊತ್ತು ನೋಡಿದರು.

"ನಿನ್ನ ಗಾಡಿಯ ಮೂತಿ ಬಸ್ ಸ್ಟ್ಯಾಂಡಿನ ಕಡೆಗಿದೆಯಲ್ಲ, ಶಿವಮಲ್ಲು."