ಸೊಟ್ಟ ಚಕ್ರ, ನುಣುಪು ಚಕ್ರ

ಶಾಲೆಯೊಂದರ ಪ್ರಯೋಗಾಲಯದಲ್ಲಿ, ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಮಾಡುವ ಯಂತ್ರವಿತ್ತು. ಅದರ ಪಕ್ಕದ ಮೇಜಿನ ಮೇಲೆ ಅದರಲ್ಲೇ ಮಾಡಿದ ಎರಡು ಹಲ್ಲುಚಕ್ರಗಳಿದ್ದವು. ಒಂದಕ್ಕೆ ದಾಕ್ಷಾಯಿಣಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ತಾನೇ ಚಿತ್ರ ಬರೆದಿದ್ದಳು, ಅದು ಸೊಟ್ಟಗಿತ್ತು. ಇನ್ನೊಂದು, ಮೇಷ್ಟ್ರು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಫೈಲಿನಿಂದ ಬಂದದ್ದು; ಅದು ನುಣುಪಾಗಿತ್ತು.

“ಸ್ವಲ್ಪ ಸರಿದು ಕೂರಯ್ಯ,” ಎಂದಿತು ನುಣುಪು ಚಕ್ರ. “ನಾಳೆ ಶಾಲೆಯ ತಪಾಸಣೆಗೆ ಸಾಹೇಬರು ಬರುತ್ತಾರೆ. ನಿನ್ನ ಜೊತೆ ಕಂಡರೆ ನನಗೇ ಅವಮಾನ. ನಿನಗಾಗಿ ಆ ಹುಡುಗಿ ವಾರವಿಡೀ ಒದ್ದಾಡಿದಳು. ನನಗೆ ಒಂದು ಗುಂಡಿ ಒತ್ತಿದ್ದೇ ಸಾಕಾಯಿತು.”

“ನನ್ನ ಒಂದು ಹಲ್ಲು ದಪ್ಪವಾಗಿದೆ,” ಎಂದಿತು ಸೊಟ್ಟ ಚಕ್ರ. “ಎಲ್ಲಿ ತಪ್ಪಾಯಿತೆಂದು ಅವಳು ನನ್ನನ್ನು ಅಳೆದು ನೋಡಬೇಕು. ಅಲ್ಲಿಯವರೆಗೆ ಉಳಿದರೆ ಸಾಕು. ನಿನ್ನನ್ನು ಅಳೆದು ಅವಳು ಏನು ಕಲಿತಾಳು?”

“ನನ್ನನ್ನು ಯಾರೂ ಅಳೆಯುವುದಿಲ್ಲ. ನೋಡುತ್ತಾರೆ, ಅಷ್ಟೆ.”

ಸಾಹೇಬರು ಬರುವ ಮುನ್ನ ಮೇಜು ಚೊಕ್ಕಟ ಮಾಡುವುದು ಆ ಶಾಲೆಯ ಪದ್ಧತಿ. ಮೇಷ್ಟ್ರು ಸೊಟ್ಟ ಚಕ್ರವನ್ನು ಕಸದ ಬುಟ್ಟಿಗೆ ಹಾಕಿದರು. ನುಣುಪಾದದ್ದನ್ನು ಗಾಜಿನ ಕಪಾಟಿನಲ್ಲಿಟ್ಟು, “ಕೇಳಿದರೆ ನೀನೇ ಮಾಡಿದ್ದು ಅಂತ ಹೇಳು,” ಎಂದು ದಾಕ್ಷಾಯಿಣಿಗೆ ಹೇಳಿಕೊಟ್ಟರು.

ಸಾಹೇಬರು ಕೇಳಿದರು. ಅವಳು ತಲೆ ತಗ್ಗಿಸಿಕೊಂಡು ಹಾಗೇ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಪಾಟಿನಲ್ಲಿ ಚಕ್ರ ಹಿಗ್ಗಿತು.

ಮರುದಿನ ದಾಕ್ಷಾಯಿಣಿ ಕಂಪ್ಯೂಟರಿನ ಮುಂದೆ ಕುಳಿತಳು. ಚಿತ್ರ ಬರೆಯಲು ಕೈ ಹಾಕಲಿಲ್ಲ.

“ಸರ್, ನಿಮ್ಮ ಆ ಫೈಲನ್ನೇ ಇನ್ನೊಂದು ಸಲ ಹಾಕಿಬಿಡಲಾ?”

“ಹಾಕಮ್ಮ,” ಎಂದರು ಮೇಷ್ಟ್ರು, “ಅದೇ ಚೆನ್ನಾಗಿರುತ್ತೆ.”